ನಿಮ್ಮ ಹೊಲದ ಬೆಳೆ ಸಮೀಕ್ಷೆ ನೀವೇ ಮಾಡಿ

ಹೊಲದಲ್ಲಿ ಬೆಳೆದಿದ್ದು ರಾಗಿ, ದಾಖಲೆಯಲ್ಲಿ ಬಂದಿದ್ದು ಜೋಳ. ಹೋದ ವರ್ಷ ನಮ್ಮ ಮನೆಯಲ್ಲಿ ಆಗಿದ್ದು ಇದೇ. ಬೆಂಬಲ ಬೆಲೆಗೆ ರಾಗಿ ಮಾರೋಣ ಅಂತ ನೋಂದಣಿಗೆ ಹೋದಾಗಲೇ ನಮಗೆ ಗೊತ್ತಾಗಿದ್ದು. ಯಾವ ಹೊಲದಲ್ಲಿ ಯಾವ ಬೆಳೆ ಇದೆ ಅಂತ ದಾಖಲಿಸುವ ಬೆಳೆ ಸಮೀಕ್ಷೆಯನ್ನು ನಾವು ಮಾಡಿರಲಿಲ್ಲ, ಬೇರೆಯವರು ಬಂದು ಮಾಡಿಕೊಂಡು ಹೋಗಿದ್ದರು. ಅಪ್ಪ ಅವತ್ತು ಮೂಟೆಗಳ ಪಕ್ಕ ಕೂತಿದ್ದು ಇನ್ನೂ ಕಣ್ಣ ಮುಂದಿದೆ.

ರೈತರೇ ತಮ್ಮ ಬೆಳೆ ದಾಖಲಿಸುವ ಆ್ಯಪನ್ನು ರಾಜ್ಯ ಸರ್ಕಾರ 2020ರಲ್ಲೇ ತಂದಿದೆ. ಬೆಳೆ ವಿಮೆ, ಬೆಂಬಲ ಬೆಲೆ ಖರೀದಿ, ಬೆಳೆ ಹಾನಿ ಪರಿಹಾರ, ಪಹಣಿಯ ಬೆಳೆ ಕಾಲಂ, ಎಲ್ಲಕ್ಕೂ ಈ ಸಮೀಕ್ಷೆಯೇ ಆಧಾರ. ಹಾಗಾಗಿ ಅರ್ಧ ದಿನ ಇದಕ್ಕೆ ಇಡಿ.

ಮೊದಲು ಪ್ಲೇ ಸ್ಟೋರ್‌ನಲ್ಲಿ ರೈತರ ಬೆಳೆ ಸಮೀಕ್ಷೆ ಆ್ಯಪ್ ಹುಡುಕಿ. ಮುಂಗಾರು, ಹಿಂಗಾರು, ಬೇಸಿಗೆ ಅಂತ ಹಂಗಾಮು ಬದಲಾಗುತ್ತದೆ, ವರ್ಷವೂ ಬದಲಾಗುತ್ತದೆ, ಹಳೇ ಆ್ಯಪ್ ಫೋನಿನಲ್ಲೇ ಉಳಿದಿದ್ದರೆ ತೆಗೆದುಹಾಕಿ ಈಗಿನ ಹಂಗಾಮಿನದ್ದನ್ನೇ ಹಾಕಿಕೊಳ್ಳಿ. ಮೊಬೈಲ್ ನಂಬರ್ ಕೊಟ್ಟರೆ ಒಟಿಪಿ ಬರುತ್ತದೆ. ಅದಾದ ಮೇಲೆ ಊರು, ಸರ್ವೆ ನಂಬರ್, ಹಿಸ್ಸಾ (ಆ ಸರ್ವೆ ನಂಬರಿನಲ್ಲಿ ನಿಮ್ಮ ಪಾಲಿನ ತುಂಡು) ಆರಿಸಿ. ಪಹಣಿ ಕೈಯಲ್ಲಿರಲಿ, ಹಿಸ್ಸಾ ತಪ್ಪಿದರೆ ನಿಮ್ಮ ಬೆಳೆ ಅಣ್ಣತಮ್ಮಂದಿರ ಲೆಕ್ಕಕ್ಕೆ ಹೋಗುತ್ತದೆ.

ಹೊಲದ ನಕ್ಷೆಯನ್ನು ಮನೆಯಲ್ಲೇ, ಸಿಗ್ನಲ್ ಇರುವಾಗಲೇ ಇಳಿಸಿಕೊಳ್ಳಿ. ಆಮೇಲೆ ಲೊಕೇಶನ್ ಆನ್ ಮಾಡಿ ಹೊಲಕ್ಕೆ ನಡೆಯಿರಿ. ನಕ್ಷೆಯಲ್ಲಿ ನಿಮ್ಮ ಹೊಲದ ಗಡಿ ಕಾಣುತ್ತದೆ, ನೀವು ನಿಂತ ಜಾಗವೂ ಕಾಣುತ್ತದೆ. ಬದುವಿನ ಮೇಲೆ ನಿಲ್ಲಬೇಡಿ. ಹತ್ತಿಪ್ಪತ್ತು ಹೆಜ್ಜೆ ಒಳಗೆ ಹೋಗಿ, ಒಂದೆರಡು ನಿಮಿಷ ಸುಮ್ನೆ ನಿಂತರೆ ಲೊಕೇಶನ್ ಸರಿಯಾಗಿ ಕೂರುತ್ತದೆ.

ಈಗ ಬೆಳೆ ಹೆಸರು, ವಿಸ್ತೀರ್ಣ, ಮಳೆಯಾಶ್ರಿತವೋ ನೀರಾವರಿಯೋ ಅನ್ನೋದನ್ನು ತುಂಬಿ. ಜಾಸ್ತಿ ಜನ ಎಡವುವುದು ಇಲ್ಲೇ. ರಾಗಿ ಮಧ್ಯೆ ಅವರೆ ಅಕ್ಕಡಿ ಸಾಲು ಹಾಕಿರುತ್ತೀರಿ, ಒಂದು ಮೂಲೆಯಲ್ಲಿ ಹುರುಳಿ ಚೆಲ್ಲಿರುತ್ತೀರಿ, ಆದರೆ ಬರೆಯುವಾಗ ರಾಗಿ ಅಂತ ಒಂದೇ ಬರೆದು ಮುಗಿಸುತ್ತೀರಿ, ಅಲ್ವಾ? ಎಲ್ಲವನ್ನೂ ಬರೆಯಿರಿ. ಎಕರೆಗೆ 40 ಗುಂಟೆ, ಪ್ರತಿ ಬೆಳೆಗೂ ಎಷ್ಟು ಗುಂಟೆ ಅಂತ ಮೊದಲೇ ಚೀಟಿಯಲ್ಲಿ ಲೆಕ್ಕ ಹಾಕಿಟ್ಟುಕೊಳ್ಳಿ. ಬಿತ್ತದೆ ಬಿಟ್ಟ ಜಾಗವಿದ್ದರೆ ಅದನ್ನೂ ಬೀಳು ಅಂತಲೇ ತೋರಿಸಿ.

ಫೋಟೋ ತೆಗೆಯುವಾಗ ಬಗ್ಗಿ ತೆಗೆಯಿರಿ. ತೆನೆ, ಎಲೆ ಗುರುತು ಸಿಗಬೇಕು. ಎತ್ತರದಿಂದ ತೆಗೆದರೆ ಬರೀ ಹಸಿರು ಕಾಣುತ್ತದೆ, ರಾಗಿಯೋ ಹುಲ್ಲೋ ಗೊತ್ತಾಗುವುದಿಲ್ಲ. ಕೊನೆಗೆ ಅಪ್‌ಲೋಡ್ ಒತ್ತಿ. ಹೊಲದಲ್ಲಿ ನೆಟ್ ಸಿಗದಿದ್ದರೆ ಊರಿಗೆ ಬಂದು ಒತ್ತಿ, ಆದರೆ ಮರೆಯಬೇಡಿ, ಅಪ್‌ಲೋಡ್ ಆಗದಿದ್ದರೆ ಮಾಡಿದ ಕೆಲಸವೆಲ್ಲ ಫೋನಿನಲ್ಲೇ ಉಳಿಯುತ್ತದೆ.

ಸ್ಮಾರ್ಟ್‌ಫೋನ್ ಇಲ್ಲದವರು ಊರಿನ ಓದಿದ ಹುಡುಗರನ್ನು ಕರೆದುಕೊಂಡು ಹೋಗಿ. ನೀವೂ ಜೊತೆಗಿರಿ. ಯಾವ ಸಾಲಿನಲ್ಲಿ ಏನಿದೆ ಅನ್ನೋದು ಬಿತ್ತಿದವರಿಗೆ ತಾನೆ ಗೊತ್ತು?

ಕೆಲವು ದಿನ ಬಿಟ್ಟು, ದಾಖಲಾದ ಬೆಳೆ ಯಾವುದು ಅಂತ ತೋರಿಸುವ ಬೆಳೆ ದರ್ಶಕ ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು, ರೈತ ಸಂಪರ್ಕ ಕೇಂದ್ರದಲ್ಲೂ ಹೇಳಿ. ಬೆಳೆ ನಿಂತಿರುವಾಗಲೇ ಇದು ಆಗಬೇಕು. ಕೊಯ್ಲಾದ ಮೇಲೆ ಪರಿಶೀಲನೆಗೆ ಬಂದವರಿಗೆ ತೋರಿಸಲು ಹೊಲದಲ್ಲಿ ಕೂಳೆ ಬಿಟ್ಟು ಬೇರೇನೂ ಇರುವುದಿಲ್ಲ.