ಸುಗ್ಗಿ ಹಬ್ಬದಲ್ಲಿ ನಾನು ಹರಾಜು ಕೂಗಿದ್ದು

"ನೀನು ಮಂಡಿಯಲ್ಲಿ ಇದ್ದೀಯಲ್ಲಪ್ಪ, ಹರಾಜು ಕೂಗೋದು ನಿನಗೆ ನೀರು ಕುಡಿದಷ್ಟು ಸಲೀಸು" ಅಂದರು ನಮ್ಮ ಚರ್ಚಿನ ಪಾದ್ರಿ ಅಯ್ಯನವರು. ನಾಲ್ಕು ವರ್ಷದ ಹಿಂದಿನ ಮಾತು. ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿಯೊಂದರ ಗುಮಾಸ್ತ, ನಿಜ. ಆದರೆ ಅಲ್ಲಿ ಈಗ ಯಾರು ಕೂಗ್ತಾರೆ? ಖರೀದಿದಾರರು ಕಂಪ್ಯೂಟರ್‌ನಲ್ಲೇ ರೇಟು ಹಾಕುತ್ತಾರೆ, ನಾನು ಚೀಲ ಎಣಿಸಿ ಪಟ್ಟಿ ಬರೆಯುತ್ತೇನೆ, ಅಷ್ಟೇ. ಇದನ್ನು ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಸ್ತ್ರೀ ಸಮಾಜದವರು ಚಪ್ಪಾಳೆ ತಟ್ಟಿಬಿಟ್ಟರು.

ನಮ್ಮದು ಸಿಎಸ್‌ಐ ಸಭೆ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾಕ್ಕೆ ಸೇರಿದ ಚರ್ಚು. 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಹುಟ್ಟಿದ್ದು. ಆ ನೆನಪಿನ ಭಾನುವಾರ ಮುಗಿಯಿತು ಅಂದರೆ ನಮ್ಮಲ್ಲಿ ಸುಗ್ಗಿ ಹಬ್ಬದ ಮಾತು ಶುರು, ಹಬ್ಬ ಮಾತ್ರ ನವೆಂಬರ್‌ನಲ್ಲಿ. ಬೆಳೆದದ್ದರ ಮೊದಲ ಪಾಲನ್ನು ಪುಟ್ಟಿಯಲ್ಲಿ ತಂದು ದೇವರ ಮುಂದೆ ಇಡಬೇಕು ಅಂತ ಬೈಬಲ್‌ನ ಧರ್ಮೋಪದೇಶಕಾಂಡದ 26ನೇ ಅಧ್ಯಾಯದಲ್ಲಿದೆ. ಭದ್ರಾ ನಾಲೆ ಕಡೆಯವರು ಭತ್ತ, ತೆಂಗಿನಕಾಯಿ ತರುತ್ತಾರೆ, ಮಳೆ ನಂಬಿದವರು ಮೆಕ್ಕೆಜೋಳದ ತೆನೆ. ಹೊಲವೇ ಇಲ್ಲದವರು ಕೇಕು, ಉಪ್ಪಿನಕಾಯಿ, ಒಬ್ಬರಂತೂ ಹೊಸ ಪೊರಕೆ. ಆರಾಧನೆ ಮುಗಿದ ಮೇಲೆ ಎಲ್ಲಾ ಹರಾಜು, ದುಡ್ಡು ಸಭೆಯ ಖರ್ಚಿಗೆ.

ಮೊದಲ ವರ್ಷ ನಾನು ಮಾಡಿದ್ದೆಲ್ಲಾ ಎಡವಟ್ಟೇ. ಊಟ ಆದ ಮೇಲೆ ಹರಾಜು ಇಟ್ಟೆ. ಕೋಳಿ ಸಾರು ಉಂಡ ಜನ ತೂಕಡಿಸುತ್ತಾ ಕೂತರು, ಜಾಣರು ಹಿಂದಿನ ಬಾಗಿಲಿಂದ ಗಾಡಿ ತಗೊಂಡು ಹೋದರು. ಜನ ಸೇರಲಿ ಅಂತ ಹುಂಜವನ್ನು ಮೊದಲೇ ಎತ್ತಿದೆ. ಅದು ಹೋದ ಮೇಲೆ ಬದನೆಕಾಯಿ ಯಾರಿಗೆ ಬೇಕು? ಇನ್ನೊಂದು ಈಗಲೂ ಚುಚ್ಚುತ್ತೆ. ಉತ್ಸಾಹದಲ್ಲಿ ಒಬ್ಬರ ಹೆಸರು ಹಿಡಿದು "ಏನಣ್ಣ, ಒಂದು ಐನೂರು ಅನ್ನಿ ನೋಡೋಣ" ಅಂದುಬಿಟ್ಟೆ. ಅವರಿಗೆ ಕೆಲಸ ಹೋಗಿ ಆಗಲೇ ಎರಡು ತಿಂಗಳಾಗಿತ್ತಂತೆ, ನನಗೆ ಗೊತ್ತಿರಲಿಲ್ಲ. ಅವರು ಸುಮ್ನೆ ನಕ್ಕು ಐನೂರು ಅಂದರು. ಅವತ್ತಿಂದ ನಾನು ಯಾರ ಹೆಸರೂ ಹಿಡಿದು ಕೂಗಲ್ಲ.

ಈಗ ಊಟಕ್ಕೆ ಮೊದಲೇ ಹರಾಜು. ಹೊಟ್ಟೆ ತಡೆಯಲಿ ಅಂತ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡುತ್ತೇವೆ, ದಾವಣಗೆರೆಯವರನ್ನು ಕೂರಿಸೋಕೆ ಅದು ಸಾಕು. ಮೊದಲು ಸೊಪ್ಪು, ಆಮೇಲೆ ಸಂಡೆ ಸ್ಕೂಲ್ ಮಕ್ಕಳಿಗೆ ಅಂತಲೇ ಇಪ್ಪತ್ತು ರೂಪಾಯಿ ದಾಟದ ಹತ್ತು ಸಾಮಾನು, ಆ ಹೊತ್ತಿಗೆ ದೊಡ್ಡವರಿಗೂ ಕೈ ಎತ್ತೋ ಚಟ ಹತ್ತಿರುತ್ತೆ. ಹುಂಜ ಕೊನೆಗೆ. ಮಂಡಿಯಲ್ಲಿ ತೇವ ಎಷ್ಟು, ಕಸ ಎಷ್ಟು ಅಂತ ಮಾಲು ನೋಡಿ ರೇಟು ಹಾಕುತ್ತಾರೆ. ಇಲ್ಲಿ ತಂದವರ ಮುಖ ನೋಡಿ ರೇಟು. ಹಾಗಾಗಿ ಕೂಗುವಾಗ ತೂಕ ಹೇಳೋದು ಬಿಟ್ಟೆ, ಯಾರ ಹಿತ್ತಲಿಂದ ಬಂತು ಅಂತ ಹೇಳುತ್ತೇನೆ. ಹದಿನೈದು ರೂಪಾಯಿಯ ಸೋರೆಕಾಯಿ ಇನ್ನೂರಕ್ಕೆ ಹೋಗುತ್ತೆ.

ದುಡ್ಡು ವಸೂಲಿ ಬೇರೆ ಕತೆ. "ಬರ್ಕೋ, ಮುಂದಿನ ಭಾನುವಾರ ಕೊಡ್ತೀನಿ" ಅಂದವರ ಬಾಕಿ ಕ್ರಿಸ್‌ಮಸ್ ದಾಟುತ್ತಿತ್ತು. ಅದಕ್ಕೆ ಕಳೆದ ವರ್ಷ ಕ್ಯೂಆರ್ ಕೋಡ್ ಪ್ರಿಂಟ್ ತೆಗೆಸಿ, ಎಲ್ಲರಿಗೂ ಕಾಣಲಿ ಅಂತ ಎದುರಿಗಿದ್ದ ದೊಡ್ಡ ಕುಂಬಳಕಾಯಿಗೇ ಅಂಟಿಸಿದೆ. ಒಳ್ಳೆ ಐಡಿಯಾ ಅಂತ ಖಜಾಂಚಿಯೂ ಬೆನ್ನು ತಟ್ಟಿದರು. ಅರ್ಧ ಗಂಟೆಯಲ್ಲಿ ಕುಂಬಳಕಾಯಿ ಮಾರಾಟವಾಯಿತು, ಕೊಂಡವರು ಆಟೋದಲ್ಲಿ ಹಾಕ್ಕೊಂಡು ಹೊರಟೇಹೋದರು. ಜನ ಫೋನ್ ಹಿಡ್ಕೊಂಡು ನಿಂತಿದ್ದಾರೆ, ಕೋಡ್ ಇಲ್ಲ! ಹುಡುಗನೊಬ್ಬ ಬೈಕಲ್ಲಿ ಹೋಗಿ ಜಯದೇವ ಸರ್ಕಲ್ ಹತ್ತಿರ ಆಟೋ ನಿಲ್ಲಿಸಿ ಫೋಟೊ ತೆಗೆದುಕೊಂಡು ಬಂದ.

ಅದೇ ದಿನ ಅಜ್ಜಿಯೊಬ್ಬರು ಐದು ಮೊಟ್ಟೆ ತಂದಿದ್ದರು. ಸ್ಟೀಲ್ ಡಬ್ಬಿಯಲ್ಲಿ ತೌಡು ಹಾಕಿ, ಒಂದಕ್ಕೊಂದು ತಾಗದ ಹಾಗೆ ಹೂತಿಟ್ಟಿದ್ದರು. ಮುಚ್ಚಳದ ಮೇಲೆ ಅವರ ಮದುವೆಯಲ್ಲಿ ಕೊರೆಸಿದ ಹೆಸರು, ಅರ್ಧ ಸವೆದಿದೆ. ಮುನ್ನೂರಕ್ಕೆ ಹೋಯಿತು. ಕೊಂಡವರು "ಮತ್ತೆ ಹರಾಜಿಗಿಡು" ಅಂತ ವಾಪಸ್ ಕೊಟ್ಟರು. ಎರಡನೇ ಸಲ ಇನ್ನೂರು, ಅವರೂ ವಾಪಸ್. ಹೀಗೆ ನಾಲ್ಕು ಸುತ್ತು ಬಂದು ಕೊನೆಗೆ ಎಂಟು ವರ್ಷದ ಹುಡುಗನೊಬ್ಬ ಇಪ್ಪತ್ತು ರೂಪಾಯಿ ಅಂದ, ನಾನು ಗಬಕ್ಕನೆ ಮೂರು ಸಾರಿ ಕೂಗಿ ಮುಗಿಸಿದೆ. ಅವನು ಮೆಟ್ಟಿಲು ಇಳಿಯುವಾಗಲೇ ಒಂದು ಒಡೆದ.

"ಹೋಗ್ಲಿ ಬಿಡು ಮಗ, ಡಬ್ಬಿ ಮಾತ್ರ ತಂದುಕೊಡು" ಅಂದರು ಅಜ್ಜಿ.

ಡಬ್ಬಿ ಇನ್ನೂ ಬಂದಿಲ್ಲ. ಹುಡುಗನ ಮನೆಯವರು ಹುಬ್ಬಳ್ಳಿಗೆ ಹೋದರು. ಅಜ್ಜಿ ಪ್ರತಿ ಭಾನುವಾರ ಬಾಗಿಲಲ್ಲಿ ನನ್ನನ್ನೇ ಹಿಡಿದು ಕೇಳುತ್ತಾರೆ, ಮಾರಿದವನು ನಾನಲ್ವಾ.