ಎರಡನೇ ಶನಿವಾರದ ಪ್ರಶ್ನೆಪತ್ರಿಕೆ

ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಮೆಷಿನ್, ಒಂದು ಲ್ಯಾಮಿನೇಶನ್. ಮದುವೆ ಕಾಗದ, ನೇಮದ (ದೈವದ ಕೋಲದ) ಆಮಂತ್ರಣ, ಶಾಲೆಯ ಸ್ಮರಣ ಸಂಚಿಕೆ ಎಲ್ಲ ಮಾಡುತ್ತೇನೆ. ಆದರೆ ಅಂಗಡಿಯ ಬಾಡಿಗೆ ಹುಟ್ಟುವುದು ಬೇರೆ ಕೆಲಸದಿಂದ. ಮಲಯಾಳದಲ್ಲಿ ಬಂದ ಕಾಗದವನ್ನು ಕನ್ನಡದಲ್ಲಿ ಬರೆದುಕೊಡುವುದು. ಕಾಸರಗೋಡು ಕೇರಳಕ್ಕೆ ಸೇರಿದ್ದು 1956ರಲ್ಲಿ. ಕನ್ನಡ ಶಾಲೆಯಲ್ಲಿ ಕಲಿತ ಹಿರಿಯರ ಮನೆಗೆ ಇವತ್ತಿಗೂ ಕಚೇರಿಯಿಂದ ಬರುವ ಕಾಗದ ಜಾಸ್ತಿಯೂ ಮಲಯಾಳದ್ದೇ. ಅದನ್ನು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ.

2024ರ ಮಳೆಗಾಲದಲ್ಲಿ ನೀರ್ಚಾಲು ಕಡೆಯ ಅಜ್ಜ ಒಬ್ಬರು ಜಾಗದ ವಿಷಯದ ಒಂದು ಕಾಗದ ತಂದರು. ಅವತ್ತು ನನ್ನ ಕೈಯಲ್ಲಿ ಎರಡು ಮದುವೆ ಕಾಗದ ಅರ್ಜೆಂಟ್ ಇತ್ತು. ಹೊಸದಾಗಿ ಬಂದ ಒಂದು ಎಐ ಟೂಲ್ ಬಗ್ಗೆ ಎಲ್ಲರೂ ಹೇಳುತ್ತಿದ್ದರು. ಫೋಟೋ ತೆಗೆದು ಅದಕ್ಕೇ ಕೊಟ್ಟೆ. ಅರ್ಧ ನಿಮಿಷದಲ್ಲಿ ಚಂದದ ಕನ್ನಡ ಬಂತು. ನಾನು ಬರೆದಿದ್ದರೂ ಅಷ್ಟು ಚಂದ ಬರುತ್ತಿರಲಿಲ್ಲ. ಒಮ್ಮೆ ಕಣ್ಣಾಡಿಸಿ ಪ್ರಿಂಟ್ ತೆಗೆದು ಕೊಟ್ಟೆ.

ಇಪ್ಪತ್ತೈದು ದಿನ ಕಳೆದು ಅಜ್ಜ ಮತ್ತೆ ಬಂದರು.

"ಉತ್ತರ ಇನ್ನೂ ಬರಲಿಲ್ಲ ಅಕ್ಕ. ಪೋಸ್ಟ್‌ನವನ ಹತ್ತಿರವೂ ಕೇಳಿದೆ."

"ಯಾವ ಉತ್ತರ ಅಜ್ಜ?"

ಅವರು ಮಡಚಿಟ್ಟಿದ್ದ ನನ್ನದೇ ಪ್ರಿಂಟ್ ಬಿಡಿಸಿದರು. "ಉತ್ತರ ದೊರೆತ ದಿನದಿಂದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು" ಎಂದಿತ್ತು. ಮಲಯಾಳದ ಕಾಗದ ತೆಗೆದು ನೋಡಿದೆ. ಅಲ್ಲಿದ್ದದ್ದು 'ಉತ್ತರವ್'. ಮಲಯಾಳದಲ್ಲಿ ಉತ್ತರವ್ ಎಂದರೆ ಆದೇಶ. ಆ ಕಾಗದವೇ ಆದೇಶ! ಅವರು ಬಾರದ ಉತ್ತರಕ್ಕೆ ಕಾಯುತ್ತ ಕೂತಿದ್ದರು, ಗಡುವಿನ ದಿನಗಳು ಓಡುತ್ತಿದ್ದವು. ಅವತ್ತೇ ರಿಕ್ಷಾ ಮಾಡಿಸಿ ಕಾಸರಗೋಡಿಗೆ ವಕೀಲರ ಹತ್ತಿರ ಕಳಿಸಿದೆ. ಗಡುವಿನೊಳಗೆ ಅಪೀಲು ಆಯಿತು. ನನಗೆ ಮಾತ್ರ ಎರಡು ರಾತ್ರಿ ಸರಿ ನಿದ್ದೆ ಬರಲಿಲ್ಲ.

ತಪ್ಪು ಟೂಲಿನದ್ದು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಮಲಯಾಳ ನನಗೆ ಬರುತ್ತದೆ. ನಿಧಾನವಾಗಿ ಓದಿದ್ದರೆ ಒಂದು ನಿಮಿಷದ ಕೆಲಸ. ಓದದ್ದು ಯಾಕೆ ಎಂದರೆ, ಆಗ ನಾನು ಓಡುತ್ತಿದ್ದೆ.

ಅದಕ್ಕೂ ಹಿಂದಿನ ಒಂದೂವರೆ ವರ್ಷ ನಾನು ಮಾಡಿದ್ದು ಬರೀ ಓಟ. ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ 30ಕ್ಕೆ. ಅದರಲ್ಲಿ ಕೈ ಪಳಗುವ ಮೊದಲೇ 2023ರ ಮಾರ್ಚ್ 14ಕ್ಕೆ ಅದರದ್ದೇ ಹೊಸ ಮಾಡೆಲ್ ಜಿಪಿಟಿ-4 ಬಂತು, ಅದೇ ದಿನ ಇನ್ನೊಂದು ಕಂಪನಿಯ ಕ್ಲಾಡ್ ಬಂತು, ಒಂದು ವಾರದಲ್ಲಿ ಗೂಗಲ್‌ನ ಬಾರ್ಡ್. ಬಾರ್ಡ್ ಅಭ್ಯಾಸ ಆಗುವಾಗ, 2024ರ ಫೆಬ್ರವರಿಯಲ್ಲಿ, ಅದರ ಹೆಸರೇ ಜೆಮಿನಿ ಆಯಿತು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಲಿಯುವ ನನ್ನ ಅಣ್ಣನ ಮಗ ದಿನಕ್ಕೆ ಮೂರು ಲಿಂಕ್ ಕಳಿಸುತ್ತಿದ್ದ. "ಅತ್ತೆ, ಇದು ನೋಡಿ, ನಿಮ್ಮ ಅಂಗಡಿ ಕೆಲಸ ಎಲ್ಲ ಇದೇ ಮಾಡ್ತದೆ." ರಾತ್ರಿ ಊಟ ಆದಮೇಲೆ ಹನ್ನೆರಡರವರೆಗೆ ಯೂಟ್ಯೂಬ್ ನೋಡುತ್ತಿದ್ದೆ. ಫೋನಿನಲ್ಲಿ ಹನ್ನೊಂದು ಆ್ಯಪ್. ಯಾವುದರಲ್ಲಿ ಯಾವ ಪಾಸ್‌ವರ್ಡ್ ಎಂದೇ ಗೊತ್ತಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಏನೋ ಒಂದು ಬಸ್ಸು ತಪ್ಪಿಹೋದ ಹಾಗೆ ಅನಿಸುತ್ತಿತ್ತು. ಅಜ್ಜನ ಕಾಗದ ಬಂದದ್ದು ಆ ಹೊತ್ತಿಗೆ.

ಅದಾದ ಮೇಲೆ ಮೊದಲು ಮಾಡಿದ್ದು ಲಿಂಕ್ ನೋಡುವುದನ್ನು ನಿಲ್ಲಿಸಿದ್ದು. ಎರಡನೆಯದಾಗಿ, ಒಂದು ಹಳೇ ಫೈಲ್ ತೆಗೆದು ಅದರಲ್ಲಿ ಒಂಬತ್ತು ಕಾಗದ ಹಾಕಿದೆ. ಅಳಿಯ ಅದಕ್ಕೆ 'ಅತ್ತೆಯ ಪ್ರಶ್ನೆಪತ್ರಿಕೆ' ಎಂದು ಹೆಸರಿಟ್ಟಿದ್ದಾನೆ. ಯಾವ ಹೊಸ ಟೂಲ್ ಬಂದರೂ ಇದೇ ಪ್ರಶ್ನೆಪತ್ರಿಕೆ. ಪ್ರಶ್ನೆ ಬದಲಾಗುವುದಿಲ್ಲ. ಉತ್ತರ ನನಗೆ ಮೊದಲೇ ಗೊತ್ತು.

ಮೊದಲನೆಯದು ಆ ಅಜ್ಜನ ಆದೇಶವೇ, ಹೆಸರು ಮತ್ತು ಸರ್ವೆ ನಂಬರು ಅಳಿಸಿದ್ದು. ಎರಡನೆಯದು ಒಂದು ಅರ್ಜಿ ಫಾರ್ಮ್. ಮಲಯಾಳದಲ್ಲಿ ಅರ್ಜಿಗೆ 'ಅಪೇಕ್ಷ' ಎನ್ನುತ್ತಾರೆ. ಕೆಲವು ಟೂಲ್‌ಗಳು ಅದನ್ನು ಹಾಗೇ ಇಳಿಸಿ, ಸಹಿ ಹಾಕುವ ಜಾಗದಲ್ಲಿ "ಅಪೇಕ್ಷಿಸುವವರ ಸಹಿ" ಎಂದು ಬರೆಯುತ್ತವೆ. ನಗು ಬರುತ್ತದೆ, ಅಲ್ವಾ? ಮೂರನೆಯದಕ್ಕೆ ನಗು ಬರುವುದಿಲ್ಲ. ವಾರಸುದಾರರ ಪಟ್ಟಿ ಅದು. ಮಲಯಾಳದಲ್ಲಿ 'ಅವಕಾಶಿ' ಎಂದರೆ ಹಕ್ಕುದಾರ. ಒಂದು ಟೂಲ್ "ಅವಕಾಶ ಪಡೆದವರು" ಎಂದು ಬರೆದಿತ್ತು, ಯಾವುದೋ ಸ್ಪರ್ಧೆಯಲ್ಲಿ ಆಯ್ಕೆಯಾದವರ ಹಾಗೆ. ನಾಲ್ಕನೆಯದು ಜಾಗದ ದಾಖಲೆ. 'ಆಧಾರಂ' ಎಂದರೆ ಇಲ್ಲಿ ಕ್ರಯಪತ್ರ, ದಸ್ತಾವೇಜು. ಎಷ್ಟೋ ಸಲ ಅದು ಆಧಾರ್ ಕಾರ್ಡ್ ಆಗಿ ಹೊರಗೆ ಬರುತ್ತದೆ, ದಸ್ತಾವೇಜಿನ ನಂಬರು ಆಧಾರ್ ನಂಬರಾಗುತ್ತದೆ.

ಐದನೆಯದು ಕೈಬರಹ. ಹಳೆಯ ಕಾಲದ ಮಾಷ್ಟ್ರು ಒಬ್ಬರು ಬರೆದ ಪತ್ರ, ಒತ್ತಕ್ಷರಗಳೆಲ್ಲ ಕೆಳಗಿನ ಸಾಲಿಗೆ ಇಳಿದು ಕೂತಿವೆ. ಆರನೆಯದು ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪುಟ. ಡಿಟಿಪಿಯವರಿಗೆ ಇದು ಗೊತ್ತಿರಬೇಕು. ಪೇಜ್‌ಮೇಕರ್ ಕಾಲದ ಕನ್ನಡ ಫಾಂಟುಗಳು ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು, ಅಷ್ಟೆ. ಪರದೆಯಲ್ಲಿ ನಮಗೆ ಕನ್ನಡ ಕಾಣುತ್ತದೆ, ಕಾಪಿ ಮಾಡಿ ಎಐಗೆ ಕೊಟ್ಟರೆ ಅದಕ್ಕೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆ. ಮೊದಲು ಯೂನಿಕೋಡ್‌ಗೆ ಬದಲಿಸಿ ಕೊಡಬೇಕು. ಬದಲಿಸದೆ ಕೊಟ್ಟಾಗ "ಇದು ನನಗೆ ಓದಲು ಬರುವುದಿಲ್ಲ" ಎಂದು ಹೇಳುವ ಟೂಲ್‌ಗೆ ನಾನು ಮಾರ್ಕು ಕೊಡುತ್ತೇನೆ. ಓದಲು ಬಾರದಿದ್ದರೂ ಕಥೆ ಕಟ್ಟುವ ಟೂಲ್‌ಗೆ ಮಾರ್ಕು ಇಲ್ಲ.

ಏಳನೆಯದು ನೇಮದ ಆಮಂತ್ರಣ. ಸ್ಪೆಲ್ಲಿಂಗ್ ಮಾತ್ರ ತಿದ್ದು, ಬೇರೆ ಏನೂ ಮುಟ್ಟಬೇಡ ಎಂದು ಹೇಳಿ ಕೊಡುವುದು. 'ರಾತ್ರಿ 7ಕ್ಕೆ ಭಂಡಾರ ಇಳಿಯುವುದು' (ದೈವದ ಒಡವೆ, ಆಯುಧಗಳನ್ನು ನೇಮದ ಜಾಗಕ್ಕೆ ತರುವುದು) ಎಂಬ ಸಾಲು ಒಮ್ಮೆ 'ಭಂಡಾರದ ಉದ್ಘಾಟನೆ' ಆಗಿ ಬಂತು. ಹಾಗೇ ಪ್ರಿಂಟ್ ಆಗಿದ್ದರೆ ನಾನು ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲ. ಎಂಟನೆಯದು ಸೊಸೈಟಿಯ ಸಾಲದ ಲೆಕ್ಕ, ಕೂಡಿಸಿದ ಮೊತ್ತ ನನಗೆ ಗೊತ್ತಿರುವುದು.

ಒಂಬತ್ತನೆಯದು ಕಾಗದವೇ ಅಲ್ಲ, ಒಂದು ಪ್ರಶ್ನೆ. ಅಡಿಕೆಗೆ ಮಹಾಳಿ (ಕೊಳೆರೋಗ) ಬಾರದ ಹಾಗೆ ಬಿಡುವ ಬೋರ್ಡೋ ದ್ರಾವಣ ಮಾಡುವುದು ಹೇಗೆ? ನಮ್ಮ ಮನೆಯ ತೋಟದಲ್ಲಿ ಚಿಕ್ಕಂದಿನಿಂದ ನೋಡಿದ್ದು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿಗೆ. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಕೊನೆಗೆ ಕತ್ತಿ ಅದ್ದಿ ನೋಡುವುದು. ಕತ್ತಿಗೆ ಕೆಂಪು ಹಿಡಿದರೆ ಸುಣ್ಣ ಕಡಿಮೆ ಎಂದು ಅರ್ಥ. ಅಳತೆ ಹೆಚ್ಚಿನ ಟೂಲ್‌ಗಳು ಸರಿ ಹೇಳುತ್ತವೆ. ಯಾವುದನ್ನು ಯಾವುದಕ್ಕೆ ಹೊಯ್ಯುವುದು ಎಂಬಲ್ಲಿ ಕೆಲವು ಎಡವುತ್ತವೆ. ನನ್ನ ಕೆಲಸಕ್ಕೆ ಸಂಬಂಧವೇ ಇಲ್ಲದ ಪ್ರಶ್ನೆ, ಒಪ್ಪುತ್ತೇನೆ. ಆದರೆ ನನಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ ಅದು ಹೇಗೆ ಮಾತಾಡುತ್ತದೆ ಎಂದು ನೋಡಿದರೆ, ಗೊತ್ತಿಲ್ಲದ ವಿಷಯದಲ್ಲಿ ಎಷ್ಟು ನಂಬಬೇಕು ಎಂದು ಒಂದು ಅಂದಾಜು ಸಿಗುತ್ತದೆ.

ಮಾರ್ಕು ಹಾಕುವ ಕ್ರಮವೂ ನನ್ನದೇ. ಸರಿಯಾದರೆ ಒಂದು. ತಪ್ಪಾಗಿ, ನೋಡುವಾಗಲೇ ತಪ್ಪು ಎಂದು ಗೊತ್ತಾಗುವ ಹಾಗಿದ್ದರೆ ಸೊನ್ನೆ. ತಪ್ಪಾಗಿಯೂ ಚಂದ ಕಾಣುತ್ತಿದ್ದರೆ ಎರಡು ಮಾರ್ಕು ಕಟ್. 'ಅಪೇಕ್ಷಿಸುವವರ ಸಹಿ' ನೋಡಿದವರು ಯಾರೂ ಮೋಸ ಹೋಗುವುದಿಲ್ಲ. 'ಉತ್ತರ ದೊರೆತ ದಿನದಿಂದ' ಅಪಾಯ. ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳುತ್ತೇನೆ, ಬೇರೆ ಬೇರೆ ಚಾಟ್ ತೆರೆದು. ಒಂದೇ ಟೂಲ್ ಬೆಳಿಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ಹೇಳುವುದು ಉಂಟು.

ಪರೀಕ್ಷೆ ತಿಂಗಳಿಗೆ ಒಮ್ಮೆ, ಎರಡನೇ ಶನಿವಾರ. ಅವತ್ತು ಸರ್ಕಾರಿ ಕಚೇರಿಗಳಿಗೆ ರಜೆ, ನನ್ನ ಅಂಗಡಿಯಲ್ಲೂ ಜನ ಕಡಿಮೆ. ಆ ದಿನ ಬರುವವರೆಗೆ ಎಂಥಾ ಟೂಲ್ ಬಂದರೂ ಸುಮ್ನೆ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಹೆಸರು ಬರೆದಿಡುತ್ತೇನೆ. ಮೋಜು ಏನೆಂದರೆ, ಬರೆದಿಟ್ಟ ಹೆಸರುಗಳಲ್ಲಿ ಅರ್ಧದಷ್ಟರ ಸುದ್ದಿ ಎರಡನೇ ಶನಿವಾರ ಬರುವಾಗ ಯಾರ ಬಾಯಲ್ಲೂ ಇರುವುದಿಲ್ಲ. 2025ರ ಜನವರಿಯಲ್ಲಿ ಚೀನಾದ ಡೀಪ್‌ಸೀಕ್ ಬಂದಾಗ ಎಲ್ಲರೂ ಒಂದೇ ಸಮನೆ ಹೇಳುತ್ತಿದ್ದರು. ನಾನು ಫೆಬ್ರವರಿಯ ಶನಿವಾರ ನೋಡಿದೆ. ಏನೂ ಮುಳುಗಲಿಲ್ಲ.

ಆ ವರ್ಷವೇ, ದುಡ್ಡು ಕೊಟ್ಟು ಬಳಸುವ ಎಐ ಟೂಲ್‌ಗಳನ್ನು ಫ್ರೀ ಕೊಡುವ ಆಫರ್‌ಗಳ ಮಳೆ ಸುರಿಯಿತು. ಜುಲೈಯಲ್ಲಿ ಏರ್‌ಟೆಲ್ ಸಿಮ್ ಇದ್ದವರಿಗೆ ಪರ್‌ಪ್ಲೆಕ್ಸಿಟಿ ಪ್ರೊ ಒಂದು ವರ್ಷ ಫ್ರೀ. ಅಕ್ಟೋಬರ್ ಕೊನೆಗೆ ಜಿಯೋದವರಿಗೆ ಜೆಮಿನಿ ಪ್ರೊ 18 ತಿಂಗಳು. ನವೆಂಬರಿನಲ್ಲಿ ಚಾಟ್‌ಜಿಪಿಟಿ ಗೋ ಒಂದು ವರ್ಷ. ಫ್ರೀ ಎಂದರೆ ಬಿಡಲು ಮನಸ್ಸಾಗುವುದಿಲ್ಲ, ನಿಜ. ನಾನೂ ತೆಗೆದುಕೊಂಡೆ. ಆದರೆ ದಿನದ ಕೆಲಸಕ್ಕೆ ಒಂದೇ ಟೂಲ್. ಇನ್ನೊಂದು ಬರೀ ತಾಳೆ ನೋಡಲು. ಇರುವುದಕ್ಕಿಂತ ಮೂರು ಮಾರ್ಕು ಜಾಸ್ತಿ ತೆಗೆದರೆ ಮಾತ್ರ ಬದಲಾವಣೆ, ಅದೂ ಎರಡು ತಿಂಗಳು ಒಂದೇ ಸಮನೆ ತೆಗೆದರೆ. ಇದುವರೆಗೆ ಎರಡೇ ಸಲ ಬದಲಿಸಿದ್ದೇನೆ.

ಟೂಲ್ ಬದಲಿಸಿದ್ದಕ್ಕಿಂತ ಜಾಸ್ತಿ ಪ್ರಯೋಜನವಾದದ್ದು ಒಂದು ಪುಟದ ಶಬ್ದಪಟ್ಟಿಯಿಂದ. ಎಡಗಡೆ ಮಲಯಾಳ, ಬಲಗಡೆ ಇಲ್ಲಿಯವರಿಗೆ ಅರ್ಥವಾಗುವ ಕನ್ನಡ. ಉತ್ತರವ್, ಆದೇಶ. ಅಪೇಕ್ಷ, ಅರ್ಜಿ. ನಿಕುತಿ, ತೆರಿಗೆ. ಪೋಕ್ಕುವರವ್, ಖಾತೆ ಬದಲಾವಣೆ. ತಂಡಪ್ಪೇರ್ (ಗ್ರಾಮ ಕಚೇರಿಯಲ್ಲಿ ಜಾಗದವರ ಖಾತೆ ನಂಬರು) ಎನ್ನುವುದಕ್ಕೆ ಕನ್ನಡ ಹುಡುಕಬೇಡ, ಹಾಗೇ ಬಿಡು. ಹೀಗೆ ಎಪ್ಪತ್ತು ಶಬ್ದ ಆಗಿದೆ. ಕೆಲಸ ಕೊಡುವಾಗ ಇದನ್ನು ಮೇಲೆ ಅಂಟಿಸುತ್ತೇನೆ, ಕೆಳಗೆ ಕಾಗದ. ಒಂಬತ್ತರಲ್ಲಿ ನಾಲ್ಕು ತೆಗೆಯುತ್ತಿದ್ದ ಟೂಲ್ ಪಟ್ಟಿ ಕೊಟ್ಟ ದಿನವೇ ಏಳು ತೆಗೆಯಿತು. ಯಾವ ಕಂಪನಿಗೆ ಹೋದರೂ ಈ ಪಟ್ಟಿ ನನ್ನ ಜೊತೆ ಬರುತ್ತದೆ.

ಜನರ ಹೆಸರು, ಆಧಾರ್ ನಂಬರು, ರೇಶನ್ ಕಾರ್ಡ್ ನಂಬರು ಯಾವುದಕ್ಕೂ ಕೊಡುವುದಿಲ್ಲ. ಸ್ಟಿಕ್ಕರ್ ಅಂಟಿಸಿ ಫೋಟೋ ತೆಗೆಯುವುದು, ಆಮೇಲೆ ಕೈಯಿಂದ ಸೇರಿಸುವುದು. ಸ್ವಲ್ಪ ಕಿರಿಕಿರಿ, ಆದರೆ ಕಾಗದ ನನ್ನದಲ್ಲವಲ್ಲ.

ಸುದ್ದಿ ಪೂರ್ತಿ ಬಿಟ್ಟಿಲ್ಲ. ಯಾವ ಮಾಡೆಲ್ ಯಾವ ಪರೀಕ್ಷೆಯಲ್ಲಿ ಎಷ್ಟನೇ ರ‍್ಯಾಂಕ್ ಎಂಬುದನ್ನು ಓದುವುದಿಲ್ಲ. ನಮ್ಮ ಭಾಷೆಗಳಿಗೆ ಸಂಬಂಧಪಟ್ಟದ್ದಾದರೆ ಕೂತು ಓದುತ್ತೇನೆ. ಈ ಟೂಲ್‌ಗಳು ಬರಹವನ್ನು ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿ ಓದುತ್ತವೆ. ನಮ್ಮ ಲಿಪಿಗಳನ್ನು ಮೊದಲು ಕೊಚ್ಚಿ ಪುಡಿ ಮಾಡುತ್ತಿದ್ದವು, ಹಾಗಾಗಿ ಫ್ರೀ ಮಿತಿ ಬೇಗ ಮುಗಿಯುತ್ತಿತ್ತು. 2024ರ ಮೇ ತಿಂಗಳಲ್ಲಿ ಚಾಟ್‌ಜಿಪಿಟಿಯ ಹೊಸ ಮಾಡೆಲ್ ಜಿಪಿಟಿ-4ಒ ಬಂದಾಗ ತೆಲುಗಿಗೆ ತುಂಡುಗಳು ಮೂರೂವರೆಯಲ್ಲಿ ಒಂದು ಪಾಲಿಗೆ ಇಳಿದವು, ತಮಿಳಿಗೆ 3.3ರಲ್ಲಿ ಒಂದು ಪಾಲಿಗೆ ಎಂದು ಕಂಪನಿಯೇ ಲೆಕ್ಕ ಕೊಟ್ಟಿತು. ಇಪ್ಪತ್ತು ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ನಮಗೆ ಇದು ಹೊಸತಲ್ಲ ಬಿಡಿ.

ಅಳಿಯ ಈಗಲೂ ಲಿಂಕ್ ಕಳಿಸುತ್ತಾನೆ. ಆದರೆ ಕೆಳಗೆ ಅವನೇ ಬರೆಯುತ್ತಾನೆ, "ಪ್ರಶ್ನೆ 1, 3, 7 ಪಾಸ್. ಬೋರ್ಡೋ ಫೇಲ್." ಫೈಲಿನ ಒಂದು ಪ್ರತಿ ಅವನಿಗೂ ಕೊಟ್ಟಿದ್ದೇನೆ.

ಹೋದ ಎರಡನೇ ಶನಿವಾರ ಅರ್ಧ ಬಾಗಿಲು ಹಾಕಿ ಕೂತಿದ್ದೆ. ಐದನೇ ಕಾಗದ ನಡೆಯುತ್ತಿತ್ತು. ನೀರ್ಚಾಲಿನ ಅಜ್ಜ ಬಗ್ಗಿ ಒಳಗೆ ಬಂದರು. ಕೈಯಲ್ಲಿ ಒಂದು ಮಲಯಾಳದ ಕಾಗದ. ಮೇಜಿನ ಮೇಲಿಟ್ಟು, ನಾನು ಮುಟ್ಟುವ ಮೊದಲೇ ಕೇಳಿದರು.

"ಇದು ಉತ್ತರವಾ, ಆದೇಶವಾ? ಅದೊಂದು ಮೊದಲು ಹೇಳಿಬಿಡಿ ಅಕ್ಕ."

ಬಿಡಿಸಿ ನೋಡಿದೆ. ಕರೆಂಟ್ ಬಿಲ್ಲು.