ಬೀದಿ ಚಿತ್ರದಲ್ಲಿ ಜನ ತೇಲದಿರಲು

ತೈಲವರ್ಣದ ಬೀದಿ ಚಿತ್ರದಲ್ಲಿ ಜನ ತೇಲಿದಂತೆ ಕಂಡರೆ ತಪ್ಪು ಹೆಚ್ಚಾಗಿ ದಿಗಂತರೇಖೆಯದು, ಅಂದರೆ ನೋಡುವವರ ಕಣ್ಣಿನ ಮಟ್ಟದಲ್ಲಿ ಚಿತ್ರಕ್ಕೆ ಅಡ್ಡಲಾಗಿ ಎಳೆಯುವ ರೇಖೆಯದು. ಸಮತಟ್ಟಾದ ರಸ್ತೆಯಲ್ಲಿ ನಿಂತು ನೋಡಿದ ದೃಶ್ಯವಾದರೆ, ಹತ್ತಿರದವರಿರಲಿ ದೂರದವರಿರಲಿ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ ಆ ರೇಖೆಯ ಮೇಲೇ ಬರಬೇಕು. ದೂರ ಹೋದಂತೆ ಪಾದಗಳು ಮಾತ್ರ ಮೇಲೇರುತ್ತವೆ. ಕುರ್ಚಿಯಲ್ಲಿ ಕೂತು ನೋಡಿದ್ದಾದರೆ ರೇಖೆ ನಿಂತವರ ಎದೆಮಟ್ಟಕ್ಕೆ ಇಳಿಯುತ್ತದೆ. ಇದನ್ನು ಬಣ್ಣಕ್ಕೆ ಮೊದಲು ಇದ್ದಿಲಿನಲ್ಲಿ ಗೀಚಿಕೊಳ್ಳುವಾಗಲೇ ಸರಿಮಾಡಿಕೊಳ್ಳಿ.

ನೆರಳಿಗೆ ಟ್ಯೂಬಿನ ಕಪ್ಪನ್ನೇ ಬಳಿದರೆ ರಸ್ತೆಯಲ್ಲಿ ಗುಂಡಿ ಬಿದ್ದಂತೆ ಕಾಣುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿ ತೆಳುವಾಗಿ ಹಚ್ಚಿ. ದಪ್ಪ ಬಣ್ಣ ಬಿಸಿಲಿಗಷ್ಟೇ ಸಾಕು. ಮೊದಲ ಪದರಕ್ಕೆ ಬಣ್ಣ ತೆಳುವಾಗಿಸುವ ಟರ್ಪೆಂಟೈನ್ ಬೆರೆಸಿ, ಮೇಲಿನವಕ್ಕೆ ಹಂತಹಂತವಾಗಿ ಹೆಚ್ಚು ಲಿನ್‌ಸೀಡ್ (ಅಗಸೆ) ಎಣ್ಣೆ. ತಿರುಗುಮುರುಗಾದರೆ ಕೆಳಗಿನದು ಒಣಗುವ ಮೊದಲೇ ಮೇಲ್ಪದರ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಅಂದಹಾಗೆ, ಅಂಗಡಿ ಫಲಕದ ಅಕ್ಷರಗಳನ್ನು ಪೂರ್ತಿ ಬಿಡಿಸಬೇಡಿ, ನೋಡುವವರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ.